ಡೈನಮೋದ ಕೆಂಪು ದೀಪ

ನನ್ನ ತವರು ಹೊಳೆಆಲೂರು. ಆ ಮನೆಯಲ್ಲಿ ಕೆಲವು ಮಾತುಗಳನ್ನು ಆಡುವ ಹಾಗೇ ಇರಲಿಲ್ಲ. ಅವ್ವ ಜೋಳ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಅನ್ನದೆ ‘ಲಾಭ’ ಅನ್ನುತ್ತಿದ್ದಳು. ಬಳೆ ಒಡೆದರೆ ‘ಬಳಿ ಹೆಚ್ಚಾತು’. ಹೊರಟವರು ‘ಹೋಗತೀನಿ’ ಅಂದರೆ ಮತ್ತೆ ಒಳಗೆ ಕರೆದು, ನೀರು ಕುಡಿಸಿ, ‘ಬರತೀನಿ’ ಅನ್ನಿಸಿಯೇ ಕಳಿಸುತ್ತಿದ್ದಳು. ಎಲ್ಲಕ್ಕಿಂತ ಕಟ್ಟುನಿಟ್ಟು ದೀಪದ ವಿಷಯದಲ್ಲಿ. ದೀಪ ಆರಿತು ಎಂದು ಯಾರೂ ಹೇಳಕೂಡದು, ‘ಶಾಂತ ಆತು’ ಅನ್ನಬೇಕು. ಆರಿತು ಅಂದರೆ ಮನೆಯಲ್ಲಿ ಯಾರನ್ನೋ ಕಳಿಸಿಕೊಟ್ಟ ಹಾಗೆ ಎಂಬುದು ಅವಳ ನಂಬಿಕೆ. ಒಂದು ಸಲ ಮಲಪ್ರಭೆ ಏರಿ ಬಂದು ನೀರು ನಮ್ಮ ಕಟ್ಟೆ ಮುಟ್ಟಿತ್ತು. ಗಾಳಿಗೆ ಕಂದೀಲು ಹೋಯಿತು. ಗಾಬರಿಯಲ್ಲಿ ನಾನು ‘ಅವ್ವಾ, ದೀಪ ಆರ್ತು’ ಅಂದೆ. ಗಂಟು ಕಟ್ಟುತ್ತಿದ್ದವಳು ಕತ್ತಲಲ್ಲೇ ತಡಕಿಕೊಂಡು ಬಂದು ನನ್ನ ಬಾಯಿಯ ಮೇಲೊಂದು ಬಾರಿಸಿ, ಆಮೇಲೆ ಹೋಗಿ ಮತ್ತೆ ಗಂಟು ಕಟ್ಟಿದಳು.

ಮುಂದೆ ನಾನು ಗಜೇಂದ್ರಗಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುವ ಅಕ್ಕೋರಾದೆ. ನಮ್ಮ ಕಡೆ ಶಿಕ್ಷಕಿಯರಿಗೆ ಹಾಗೇ ಅನ್ನುವುದು. ಕೈಗೆ ಸಂಬಳ ಬಂದಮೇಲೆ ಅವ್ವನ ಕಟ್ಟಳೆಗಳನ್ನೆಲ್ಲ ಒಂದೊಂದಾಗಿ ಗಾಳಿಗೆ ತೂರಿದೆ. ಒಂದಕ್ಕೆ ಒಂದೇ ಅಂದೆ, ಹೋಗುವಾಗ ಹೋಗುತ್ತೇನೆ ಅಂತಲೇ ಹೇಳಿ ಹೋದೆ. ದೀಪದ ಮಾತು ಮಾತ್ರ ನಾಲಿಗೆಗೆ ಅಂಟಿಕೊಂಡು ಉಳಿಯಿತು. ಏಟು ಬಲವಾಗಿಯೇ ಬಿದ್ದಿರಬೇಕು. ಕರೆಂಟು ಹೋದರೂ ‘ಲೈಟು ಶಾಂತ ಆತು’ ಅನ್ನುತ್ತಿದ್ದೆ. ನನ್ನ ಗಂಡನಿಗೆ ಇದು ದೊಡ್ಡ ತಮಾಷೆ.

“ಅಕ್ಕೋರ, ಮಂದಿ ಗಾಡಿ ಲೈಟು ಹಚ್ಚಿ ಆರಿಸಿ ಹೊಟ್ಟಿ ಹೊರಕೊಳ್ಳಾಂವ ನಾ. ನನ್ನ ಕೆಲಸಕ್ಕ ನೀವು ಶಾಂತಿ ಮಾಡೂದು ಅಂತೀರೇನು?” ಅನ್ನುತ್ತಿದ್ದರು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ನಗುವಾಗ ಅಕ್ಕೋರ ಅನ್ನುತ್ತಿದ್ದರು, ಸಿಟ್ಟು ಬಂದಾಗಲೂ ಅದನ್ನೇ ಅನ್ನುತ್ತಿದ್ದರು. ಎರಡನ್ನೂ ಧ್ವನಿಯಿಂದ ತಿಳಿಯಬೇಕಿತ್ತು.

ಅವರದು ವಾಹನಗಳ ಕರೆಂಟಿನ ಕೆಲಸ. ರೋಣದ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ಪುರ್ತಗೇರಿ ಕಡೆಯ ಟ್ರ್ಯಾಕ್ಟರುಗಳು, ಸಂತೆಗೆ ಬಂದ ಟಂಟಂ ಆಟೋಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಗಾಡಿ ಓಡುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರಕ್ಕೆ ಡೈನಮೋ ಅನ್ನುತ್ತಾರೆ. ಹೊಸ ಗಾಡಿಗಳಲ್ಲಿ ಇರುವುದು ಆಲ್ಟರ್ನೇಟರ್ ಅಂತೆ, ಬೇರೆಯೇ ಜಾತಿ. ಆದರೆ ಶೆಡ್ಡಿನಲ್ಲಿ ಅದೂ ಡೈನಮೋನೇ. ಹಳೇ ಡೈನಮೋ, ಹೊಸಾ ಡೈನಮೋ ಅಷ್ಟೇ. ಅದರ ಕರೆಂಟು ಹೆಚ್ಚುಕಡಿಮೆ ಆಗದಂತೆ ಹದದಲ್ಲಿಡುವ ಡಬ್ಬಿ ಒಂದಿರುತ್ತದೆ, ಅದಕ್ಕೆ ಕಟೌಟ್ ಎಂದು ಹೆಸರು. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಅವರು, “ಇವತ್ತ ಒಂದ ಕಟೌಟ್ ಸುಟ್ಟು ಹೋತು” ಅಂದಾಗ ನಾನು, “ಯಾರದ್ರೀ? ಮಂದಿ ಗದ್ದಲಾ ಮಾಡಲಿಲ್ಲೇನು?” ಅಂತ ಕೇಳಿದ್ದೆ. ಟಾಕೀಸಿನ ಮುಂದೆ ನಿಲ್ಲಿಸುವ ನಟರ ಆಳೆತ್ತರದ ಚಿತ್ರವೇ ನನ್ನ ತಲೆಯಲ್ಲಿದ್ದ ಕಟೌಟ್. ಆ ಕಥೆ ಶೆಡ್ಡಿಗೆ ಬಂದ ಗಿರಾಕಿಗಳಿಗೆಲ್ಲ ಗೊತ್ತಿತ್ತು.

ನಮ್ಮದೇ ಒಂದು ಹಳೆಯ ಕಾರು ಇತ್ತು. ಬಜಾರದ ವ್ಯಾಪಾರಿಯೊಬ್ಬರು ಬಿಟ್ಟುಕೊಟ್ಟದ್ದು, ನಮ್ಮ ಮದುವೆಗಿಂತ ಹಳೆಯದು. ನಮಗೆ ಮಕ್ಕಳಾಗಲಿಲ್ಲ. ಅದರ ದುಃಖ ಅವರಿಗಿತ್ತೋ ಇಲ್ಲವೋ ಬಾಯಿ ಬಿಟ್ಟು ಹೇಳಿದವರಲ್ಲ. ರವಿವಾರ ಬಂದರೆ ಕಾರು ತೊಳೆದು, ಒರೆಸಿ, ವಿಭೂತಿ ಹಚ್ಚುತ್ತಿದ್ದರು. ನಾನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ.

ಅವರಿಗಿದ್ದ ಸಕ್ಕರಿ ಬ್ಯಾನಿ, ಅಂದರೆ ಸಕ್ಕರೆ ಕಾಯಿಲೆ, ಮೊದಲು ಕಣ್ಣಿಗೆ ಬಂತು. ಮಂಜು ಕವಿಯುತ್ತಿದೆ ಎಂದು ತಿಳಿದ ಕೂಡಲೇ ಅವರು ಮಾಡಿದ ಕೆಲಸವೆಂದರೆ ನನಗೆ ಕಾರು ಕಲಿಸಿದ್ದು. ಬಯಲಿನಲ್ಲಿ ಪಕ್ಕ ಕೂತು, ಗೇರು ಹಾಕುವ ನನ್ನ ಕೈಯ ಮೇಲೆ ಕೈಯಿಟ್ಟು ಕಲಿಸಿದರು. “ಅಕ್ಕೋರು ಗಾಡಿ ಹೊಡೀತಾರ” ಎಂದು ಊರೆಲ್ಲ ಆಯಿತು. ನನಗೆ ಕಲಿಯಲು ಮನಸ್ಸಿರಲಿಲ್ಲ. ಅವರು ಯಾಕೆ ಇಷ್ಟು ಅವಸರ ಮಾಡುತ್ತಿದ್ದಾರೆ ಎಂದು ಗೊತ್ತಿದ್ದರಿಂದ ಬಾಯಿ ಮುಚ್ಚಿಕೊಂಡು ಕಲಿತೆ. ಮರುವರ್ಷದ ಹೊತ್ತಿಗೆ ಅವರಿಗೆ ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು, ಆಮೇಲೆ ಅದೂ ಇಲ್ಲ. ಶೆಡ್ಡಿಗೆ ಬೀಗ ಬಿತ್ತು. ಆಮೇಲೆ ಬ್ಯಾನಿ ಕಿಡ್ನಿಗೆ ಇಳಿಯಿತು. ವಾರಕ್ಕೆ ಎರಡು ಸಲ ರೋಣದ ದವಾಖಾನೆಗೆ ಹೋಗಿ ಯಂತ್ರದಿಂದ ರಕ್ತ ಸೋಸಿಸಿಕೊಂಡು ಬರಬೇಕು, ತಪ್ಪಿಸಿದರೆ ಜೀವಕ್ಕೆ ಕುತ್ತು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು.

ಮೊದಲ ಸಲ ಬಸ್ಸಿನಲ್ಲಿ ಹೋದೆವು. ಬರುವಾಗ ಅವರು ಸೋತು, ಕಂಬಿ ಹಿಡಿಯಲಾಗದೆ ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಬಿದ್ದರು. ಅದೇ ಬಸ್ಸಿನಲ್ಲಿದ್ದ ಪರಿಚಯದ ಟ್ರ್ಯಾಕ್ಟರಿನವನೊಬ್ಬ ಎತ್ತಿ ಕೂರಿಸಿದ. ಅವರ ಕೈಯಲ್ಲಿ ಎಷ್ಟೋ ಸಲ ರಿಪೇರಿ ಮಾಡಿಸಿಕೊಂಡವನು ಅವನು. “ಅಣ್ಣಾರ, ಹಿಂಗ್ಯಾಕ ಆದ್ರಿ?” ಎಂದು ಮರುಗಿದ. ಆ ಮರುಕವನ್ನು ಅವರು ತಡೆಯದಾದರು. ಮನೆಗೆ ಬಂದು, “ನಮ್ಮ ಗಾಡ್ಯಾಗ ಆದ್ರ ಬರತೀನಿ. ಇಲ್ಲಾಂದ್ರ ನಾ ಎಲ್ಲಿಗೂ ಬರೂದಿಲ್ಲ” ಅಂದರು. ಆವತ್ತಿನಿಂದ ಕಾರಿನಲ್ಲೇ ಹೋಗತೊಡಗಿದೆವು.

ದವಾಖಾನೆಯ ಓಡಾಟ ಶುರುವಾಗಿ ಒಂದು ಚಳಿಗಾಲ ಬರುವ ಹೊತ್ತಿಗೆ ಕಾರಿನ ಹಳೇ ಡೈನಮೋ ಸುಟ್ಟಿತು. ರವಿವಾರ ಸಂಜೆ ಮನೆಯ ಮುಂದೆ ಬಂದು ನಿಲ್ಲಿಸುವಾಗ ಬೋನೆಟ್ಟಿನೊಳಗಿಂದ ಕಮಟು ವಾಸನೆ ಬಂತು. ಅವರು ಮೂಗು ಏರಿಸಿ, “ಹೋತು” ಅಂದರು, ಅಷ್ಟೇ. ಮುಂದಿನ ಪಾಳಿ ಬುಧವಾರ. ಬೇರೆಯವರನ್ನು ಕರೆಸೋಣ ಅಂದೆ. “ನನ್ನ ಗಾಡಿಗೆ ಇನ್ನೊಬ್ಬನ ಕೈಯಾ?” ಎಂದು ಮುಖ ತಿರುಗಿಸಿ ಮಲಗಿದರು. ಹಾಗಾದರೆ ಟ್ಯಾಕ್ಸಿ ಮಾಡುತ್ತೇನೆ ಅಂದೆ, ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡರು. ಈ ಮನುಷ್ಯ ಹಟಕ್ಕೆ ಬಿದ್ದು ಸಾಯಲು ಹೊರಟಿದ್ದಾನೆ ಎಂದು ನನಗೆ ಮೈಯೆಲ್ಲ ಉರಿಯಿತು. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂತಲೇ ಸದ್ದು ಮಾಡಿ ತೊಳೆದೆ, ತೊಳೆಯುತ್ತಾ ಅತ್ತೆ. ನನಗೆ ಅವರು ಬೇಕಾಗಿತ್ತು. ಕುರುಡಾಗಿ, ಹಟಮಾರಿಯಾಗಿ, ಹೇಗಿದ್ದರೂ ಸರಿ, ಇರಬೇಕಾಗಿತ್ತು. ಅದಕ್ಕೆ ಆ ಕಾರು ಓಡಬೇಕಿತ್ತು.

ಅವರ ತಮ್ಮ, ನನ್ನ ಮೈದುನ, ನರಗುಂದದಲ್ಲಿ ಅಡತಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಫೋನು ಮಾಡಿ ಅತ್ತದ್ದಕ್ಕೆ ಅವನು ಅಲ್ಲಿಯ ಗುಜರಿಯಲ್ಲೆಲ್ಲ ಹುಡುಕಿದ. ನಮ್ಮ ಕಾರಿನ ಡೈನಮೋ ಈಗ ಎಲ್ಲಿ ಸಿಗಬೇಕು. ಹೊಸ ಕಾಲದ ಗಾಡಿಯಿಂದ ಬಿಚ್ಚಿದ ಒಂದನ್ನು ಗೋಣಿಚೀಲದಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದ. ಮಲಗಿದ್ದವರ ಎದೆಯ ಮೇಲೇ ಇಟ್ಟ. ಅವರು ಎದ್ದು ಕೂತು ಅದನ್ನು ಸುತ್ತಲೂ ಸವರಿದರು, ಪುಲ್ಲಿಯನ್ನು ತಿರುಗಿಸಿ ಕಿವಿಗೆ ಹಿಡಿದರು, ಹಿಂದಿನ ತಿರುಪುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿದರು.

“ಕೂಡಸಬಹುದು. ಬೋಲ್ಟು ಬಿಗಿಯೂದು ನೀ ಮಾಡಪಾ,” ಎಂದು ತಮ್ಮನಿಗೆ ಹೇಳಿದರು. “ವೈರಿನ ಕೆಲಸ ಅಕ್ಕೋರು ಮಾಡತಾರ.”

“ನಾನಾ? ನನಗೇನ್ ಗೊತ್ರೀ ಅದು?”

“ಸೂಜ್ಯಾಗ ದಾರ ಪೋಣಸೂ ಕೈ ಅದಾವಲ್ಲ. ಕಣ್ಣ ನಿನ್ನವು, ಬಾಯಿ ನಂದು.”

ಮರುದಿನ ಶಾಲೆಗೆ ರಜೆ ಹಾಕಿದೆ. ಮೈದುನ ಡೈನಮೋವನ್ನು ಕೂರಿಸಿ, ಬೆಲ್ಟು ಬಿಗಿದು, ಮಧ್ಯಾಹ್ನದ ಬಸ್ಸಿಗೆ ನರಗುಂದಕ್ಕೆ ಹೋದ. ಅವರು ಬೋನೆಟ್ಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಮೊದಲು ಬ್ಯಾಟರಿ ಬಿಚ್ಚಿಸಿದರು. ಆಮೇಲೆ ಇಂಜಿನ್ನಿನ ಪಕ್ಕದ ತಗಡಿಗೆ ತಿರುಪಿನಿಂದ ಹಿಡಿಸಿದ್ದ ಕಪ್ಪು ಡಬ್ಬಿಯ ಮುಚ್ಚಳ ತೆಗೆಯಲು ಹೇಳಿದರು. ಅದೇ ಹಳೇ ಕಟೌಟ್. ಒಳಗೆ ತಾಮ್ರದ ತಂತಿ ಸುತ್ತಿದ ಸುರುಳಿಗಳು.

“ಹೊಸಾ ಡೈನಮೋದ ಹೊಟ್ಟ್ಯಾಗಽ ಅದರ ಕಟೌಟ್ ಐತಿ. ಇದೂ ನಡುವ ಬಂತಂದ್ರ ಎರಡೂ ಜಗಳಾಡತಾವ. ಇದರ ಕರಳು ತಗದಬಿಡು. ಬರೇ ವೈರು ಕೂಡೂ ಜಾಗಾ ಆಗಿ ಇರಲಿ.”

ಹಳೇ ಡೈನಮೋದಿಂದ ಆ ಡಬ್ಬಿಗೆ ಬರುತ್ತಿದ್ದ ಎರಡು ವೈರುಗಳೇ ಈಗ ಹೊಸದಕ್ಕೂ, ಒಂದು ದಪ್ಪ, ಒಂದು ಸಣ್ಣ. ದಪ್ಪದ್ದನ್ನು ಬ್ಯಾಟರಿಗೆ ಹೋಗುವ ದಪ್ಪ ವೈರಿಗೆ ಕೂಡಿಸಬೇಕು. ಸಣ್ಣದ್ದನ್ನು ಚಾಲಕನ ಮುಂದಿನ ಮೀಟರಿನಲ್ಲಿರುವ ಸಣ್ಣ ಕೆಂಪು ದೀಪದ ವೈರಿಗೆ ಕೂಡಿಸಬೇಕು. ಹೇಳಿದರೆ ಇಷ್ಟೇ. ಆದರೆ ವೈರುಗಳೆಲ್ಲ ಮಸಿ ಹಿಡಿದು ಒಂದೇ ಬಣ್ಣವಾಗಿದ್ದವು. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ ಒರೆಸಿ ನೋಡಿ ಹೇಳುತ್ತಿದ್ದೆ.

“ಇದು ಇಟ್ಟಂಗಿ ಬಣ್ಣದ್ದರಿ. ಇದು ದಾಳಿಂಬರಿ ಅಂಚಿನ್ಹಂಗ ಐತಿ. ಇನ್ನೊಂದು ಗೋದಿ ಬಣ್ಣ, ನಡುವ ಹಳದಿ ಎಳಿ ಬಂದೇತಿ.”

“ಅಕ್ಕೋರ, ಸೀರಿ ಅಂಗಡ್ಯಾಗ ಕುಂತಿಲ್ಲ ನೀವು. ಕೆಂಪೋ ಕಂದೋ ಅಷ್ಟ ಹೇಳ್ರಿ.”

ನನಗೂ ಸಿಟ್ಟು ಬರುತ್ತಿತ್ತು, ಅವರಿಗೂ ಬರುತ್ತಿತ್ತು. ನಡುವೆ ಒಮ್ಮೆ ಇಕ್ಕಳ ಬಿಸಾಕಿ ಒಳಗೆ ಹೋಗಿ ಚಹಾ ಮಾಡಿಕೊಂಡು ಒಬ್ಬಳೇ ಕುಡಿದೆ. ವಾಪಸು ಬಂದಾಗ ಅವರು ಕುರ್ಚಿಯಿಂದ ಬಗ್ಗಿ, ನಾನು ವೈರು ಹೊಸೆದು ಕೂಡಿಸಿದ್ದ ಜಾಗವನ್ನು ಬೆರಳಿನ ತುದಿಯಿಂದ ಮುಟ್ಟಿ ನೋಡುತ್ತಿದ್ದರು. ನಾನು ಬಂದದ್ದು ಅವರಿಗೆ ತಿಳಿದಿರಲಿಲ್ಲ. ಮುಖದಲ್ಲಿ ಬಹಳ ದಿನದ ಮೇಲೆ ಒಂದು ಕಳೆ ಇತ್ತು. ನಾನು ಸುಮ್ಮನೆ ಸ್ವಲ್ಪ ಹೊತ್ತು ನಿಂತು, ಮತ್ತೆ ಒಳಗೆ ಹೋಗಿ ಅವರಿಗೂ ಚಹಾ ತಂದೆ.

ಕರುಳು ತೆಗೆದ ಡಬ್ಬಿಗೆ ಮುಚ್ಚಳ ಹಾಕುವಾಗ, ಇದನ್ನು ಯಾಕೆ ಇಡಬೇಕು, ಬಿಚ್ಚಿ ಒಗೆಯುವುದಲ್ಲವೆ ಅಂದೆ.

“ಇರ್ಲಿ ಬಿಡು. ಭಾಳ ವರ್ಷ ದುಡದೈತಿ.” ಮುಚ್ಚಳವನ್ನು ಬೆರಳಿನಿಂದ ತಟ್ಟಿ, “ನನ್ಹಂಗಽ. ಒಳಗ ಏನೂ ಇಲ್ಲ, ಮ್ಯಾಲ ಮುಚ್ಚಳ ಗಟ್ಟಿ ಐತಿ,” ಅಂದರು.

“ವೈರು ಕೂಡಿಸಿ ಹಿಡಕೊಂಡೈತಲ್ರಿ, ಅದೇನ್ ಸಣ್ಣ ಕೆಲಸ ಆತು?” ಎಂದು ರೇಗಿ ಮುಚ್ಚಳದ ತಿರುಪನ್ನು ಜೋರಾಗಿ ಬಿಗಿದೆ.

ಉಳಿದದ್ದು ಆ ಕೆಂಪು ದೀಪ. ಅದರ ಬಲ್ಬು ಯಾವಾಗಲೋ ಹೋಗಿತ್ತು. ಹಳೇ ಡೈನಮೋ ಅದರ ಹಂಗಿಲ್ಲದೆ ತಾನೇ ಕರೆಂಟು ಹುಟ್ಟಿಸುತ್ತಿದ್ದುದರಿಂದ ಅವರು ಅದನ್ನು ಬದಲಿಸುವ ಗೋಜಿಗೆ ಹೋಗಿರಲಿಲ್ಲ. ನಾನು ಕಾರು ಕಲಿತಾಗಿನಿಂದ ಅಲ್ಲಿ ದೀಪ ಎಂಬುದೊಂದು ಇರುತ್ತದೆ ಎಂದು ನೋಡಿದವಳೇ ಅಲ್ಲ. ಹೊಸ ಡೈನಮೋ ಹಾಗಲ್ಲವಂತೆ. ಕೀ ತಿರುವಿದಾಗ ಆ ದೀಪದ ಮೂಲಕ ಹೋಗುವ ಚೂರು ಕರೆಂಟಿನಿಂದಲೇ ಅದಕ್ಕೆ ಎಚ್ಚರವಾಗುವುದು. “ದೀಪ ಹತ್ತಲಿಲ್ಲಾಂದ್ರ ಡೈನಮೋ ಏಳೂದಽ ಇಲ್ಲ,” ಎಂದು ಹೇಳಿ ಹೊಸ ಬಲ್ಬು ಹಾಕಿಸಿದರು. ಕೀ ತಿರುವಿದೆ. ಕೆಂಪಗೆ ಹತ್ತಿತು. ಹತ್ತೇತ್ರಿ, ಅಂದೆ. ಅವರು ಎರಡೂ ಕೈ ಜೋಡಿಸಿದರು. ಇಂಜಿನ್ ಶುರು ಮಾಡಿದೆ, ಅದೂ ಒಂದೇ ಸಲಕ್ಕೆ ಹಿಡಿಯಿತು.

“ದೀಪ ಹ್ಯಾಂಗೈತಿ?” ಎಂದು ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೇಳಿದರು.

ದೀಪ ಹಣೆಯ ಕುಂಕುಮದ ಹಾಗೆ ನಿಚ್ಚಳವಾಗಿ ಉರಿಯುತ್ತಿತ್ತು. “ಭಾಳ ಚಲೋ ಐತ್ರಿ,” ಅಂದೆ.

ಅವರು ನಕ್ಕರು. ಆ ಸಂಜೆ ಎರಡು ರೊಟ್ಟಿ ಉಂಡರು.

ಬುಧವಾರ ಬೆಳಿಗ್ಗೆ ರೋಣಕ್ಕೆ ಹೋದೆವು. ದವಾಖಾನೆಯಲ್ಲಿ ಯಂತ್ರದ ಕೋಣೆಯನ್ನು ನೋಡಿಕೊಳ್ಳುವ ಆಯಾ ಒಬ್ಬಳು ವಯಸ್ಸಾದವಳು, ಮೆಣಸಗಿಯವಳು. ಹೊಳೆ ಬಂದು ಮನೆ ಬಿದ್ದ ಮೇಲೆ ಮಗಳ ಜೊತೆ ರೋಣಕ್ಕೆ ಬಂದಿದ್ದಳು. ಅವಳ ಮಾತು ನಮ್ಮವ್ವನ ಮಾತೇ. ನಾನು ಎದ್ದು ಹೊರಟರೆ ‘ಹೋಗತೀನಿ ಅನಬ್ಯಾಡವಾ’ ಎಂದು ತಿದ್ದುತ್ತಿದ್ದಳು. ಅವಳಿದ್ದರೆ ನನಗೆ ಧೈರ್ಯ. ಆವತ್ತು ಅವರು ಆಯಾಗೂ ಸಿಸ್ಟರಿಗೂ ಹೊಸ ಡೈನಮೋದ ಕಥೆ ಹೇಳಿದ್ದೇ ಹೇಳಿದ್ದು. ಅಕ್ಕೋರೇ ಕೂಡಿಸಿದ್ದು ಎಂದು ನನ್ನನ್ನೂ ಏರಿಸಿದರು.

ಎಲ್ಲ ಮುಗಿದು ಹೊರಡುವಾಗ ಹೊತ್ತು ಇಳಿದಿತ್ತು. ಅರ್ಧ ದಾರಿಗೆ ಕತ್ತಲಾಯಿತೆಂದು ಮುಂದಿನ ಲೈಟು ಹಾಕಿದೆ. ಬೆಳಕು ಹಳದಿಯಾಗಿ ಬಿತ್ತು, ಬರಬರುತ್ತಾ ಕೆಂಪಾಯಿತು. ಇಂಜಿನ್ ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು. ಎರಡೂ ಕಡೆ ಎದೆಮಟ್ಟ ಜೋಳ, ಜನ ಇಲ್ಲ. ಅವರು ಹಿಂದಿನ ಸೀಟಿನಲ್ಲಿ ಮೈತುಂಬ ಹೊದ್ದು ಮಲಗಿದ್ದರು. ಕೀ ತಿರುವಿದರೆ ಕಟ್ ಎಂಬ ಸದ್ದೂ ಇಲ್ಲ.

“ಬ್ಯಾಟರಿ ಪೂರಾ ಇಳದೈತಿ,” ಅಂದರು ಅವರು. “ಆಗಬಾರದಿತ್ತಲ್ಲ. ದೀಪ ಚಲೋ ಐತಿ ಅಂದೆಲ್ಲ ನೀ?”

“ಹೌದ್ರೀ. ಮನಿಯಿಂದ ಇಲ್ಲೀತನಕ ಒಂದ ಸಮ ಉರದೈತಿ.”

ಹಿಂದಿನ ಸೀಟಿನಲ್ಲಿ ಹೊದಿಕೆ ಸರಿಸಿದ ಸದ್ದಾಯಿತು.

“ಉರದೈತಿ?”

“ಹೂಂನ್ರಿ. ಒಮ್ಮಿನೂ… ಹಂಗ ಆಗಿಲ್ಲ.”

“ಹಂಗ ಆಗಬೇಕಾಗಿತ್ತು, ಅಕ್ಕೋರ. ಗಾಡಿ ಚಾಲೂ ಆದಮ್ಯಾಲ ಅದು ಹಂಗ ಆದ್ರನ ಡೈನಮೋ ಚಲೋ ಐತಿ ಅಂತ ಅರ್ಥ.”

ಆಗ ನನಗೆ ತಿಳಿಯಿತು. ಆರಿದೆಯಾ ಎಂದು ಕೇಳಿದರೆ ನನಗೆ ಸೇರುವುದಿಲ್ಲವೆಂದು ಅವರು ‘ದೀಪ ಹ್ಯಾಂಗೈತಿ’ ಎಂದು ಕೇಳಿದ್ದರು. ಉರಿಯುವ ದೀಪವನ್ನು ಚಲೋ ಐತಿ ಎನ್ನದೆ ಬೇರೆ ಏನನ್ನಲೂ ನನಗೆ ಬರುತ್ತಿರಲಿಲ್ಲ. ಅವರಿಗೆ ನಗು ಬಂತು. ಸೋತ ಮೈ, ನಗಲು ಶಕ್ತಿಯಿಲ್ಲ, ಕೆಮ್ಮಿ ಕೆಮ್ಮಿ ನಕ್ಕರು. ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅಳುತ್ತಿದ್ದೆ, ಕಡೆಗೆ ನನಗೂ ನಗು ಬಂತು. ಸುಲಗಾಯಿ ಗಿಡ ಕಿತ್ತುಕೊಂಡು ಹೊಲದಿಂದ ಮರಳುತ್ತಿದ್ದ ಗಂಡಹೆಂಡತಿಯ ಟ್ರ್ಯಾಕ್ಟರು ಬಂದು ನಮ್ಮ ಹತ್ತಿರ ನಿಂತಾಗ, ಕತ್ತಲಲ್ಲಿ ನಿಂತ ಕಾರಿನಲ್ಲಿ ಇಬ್ಬರು ನಗುತ್ತಾ ಅಳುತ್ತಾ ಕೂತಿದ್ದನ್ನು ಕಂಡು ಆ ದಂಪತಿ ಏನು ತಿಳಿದುಕೊಂಡರೋ. ಹಗ್ಗ ಕಟ್ಟಿ ಮನೆಯ ತನಕ ಎಳೆದು ತಂದು ಬಿಟ್ಟರು. ಹೋಗುವಾಗ ಒಂದು ಹಿಡಿ ಹಸಿ ಕಡಲೆಗಿಡವನ್ನು ಕಾರಿನೊಳಗೆ ಇಟ್ಟು ಹೋದರು. ಊರ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಹುಟ್ಟಿಸಲು ನಿಲ್ಲಿಸಿದ ದೊಡ್ಡ ಫ್ಯಾನುಗಳು ಕತ್ತಲಲ್ಲಿ ಭರ್ರನೆ ತಿರುಗುವ ಸದ್ದು ಬಾಗಿಲವರೆಗೆ ಕೇಳುತ್ತಿತ್ತು. “ನೋಡು, ಅವರ ಡೈನಮೋ ಹ್ಯಾಂಗ ನಡದಾವ,” ಅಂದರು ಅವರು.

ಮರುದಿನ ಹಳೇ ಕಟೌಟಿನ ಮುಚ್ಚಳ ಬಿಚ್ಚಿ ಕೊಟ್ಟೆ. ತಪ್ಪು ಅವರ ಬೆರಳಿಗೇ ಸಿಕ್ಕಿತು. ಸಣ್ಣ ವೈರು ಮುಚ್ಚಳದ ಅಂಚಿಗೆ ಸಿಕ್ಕು, ಮೇಲಿನ ರಬ್ಬರು ಹರಿದು, ಒಳಗಿನ ತಂತಿ ಕಾರಿನ ಮೈಗೆ ತಾಗುತ್ತಿತ್ತು. ಡೈನಮೋಗೆ ಹೋಗಬೇಕಾದ ಚೂರು ಕರೆಂಟು ಅಲ್ಲೇ ಮುಗಿದುಹೋಗುತ್ತಿತ್ತು.

“ಅರ್ಥ್ ಆಗೇತಿ,” ಅಂದರು.

“ನಿಮಗ ಅರ್ಥ ಆಗೇತಿ. ನನಗ ಹೇಳ್ರಿ.”

ಅದಕ್ಕೂ ನಕ್ಕರು. ಶೆಡ್ಡಿನ ಭಾಷೆಯಲ್ಲಿ ಕರೆಂಟು ಗಾಡಿಯ ಮೈಗೆ ತಾಗುವುದಕ್ಕೂ ‘ಅರ್ಥ್’ ಎಂದೇ ಹೆಸರು. ವೈರಿಗೆ ಟೇಪು ಸುತ್ತಿ, ಅಂಚಿನಿಂದ ಸರಿಸಿ, ಮುಚ್ಚಳವನ್ನು ಈ ಸಲ ಮೆಲ್ಲಗೆ ಹಾಕಿದೆ. ಚಾರ್ಜಿಗೆ ಇಟ್ಟು ತಂದ ಬ್ಯಾಟರಿ ಕೂಡಿಸಿ ಕೀ ತಿರುವಿದೆ. ದೀಪ ಹತ್ತಿತು. ಇಂಜಿನ್ ಶುರುವಾದ ಕೂಡಲೇ ಅದು ಕಣ್ಣು ಮುಚ್ಚಿದ ಹಾಗೆ ಇಲ್ಲವಾಯಿತು. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಆ ಮನುಷ್ಯನ ಮುಂದೆ, ಆ ಸ್ಥಿತಿಯಲ್ಲಿ, ಆ ಮಾತನ್ನು ಹೇಗೆ ಆಡುವುದು.

ಅವರೇ ದಾರಿ ಹುಡುಕಿದರು. “ನಿಮ್ಮವ್ವ ಹೇಳಿದ್ಹಾಂಗ ಹೇಳು. ಅದಾತಂದ್ರ ನನಗ ತಿಳೀತೈತಿ.”

“ಶಾಂತ ಆತ್ರಿ,” ಅಂದೆ.

“ಹಾಂ. ಇನ್ನ ಚಿಂತಿಲ್ಲ.”

ಆವತ್ತಿನಿಂದ ಅದೇ ನಮ್ಮ ಪದ್ಧತಿಯಾಯಿತು. ಹೊರಡುವಾಗಲೊಮ್ಮೆ, ರೋಣದಿಂದ ತಿರುಗಿ ಬರುವಾಗಲೊಮ್ಮೆ, ಇಂಜಿನ್ ಹಿಡಿದ ಕೂಡಲೇ ಅವರು ಹಿಂದಿನ ಸೀಟಿನಿಂದ ಕಾಯುತ್ತಿದ್ದರು. ನಾನು ಶಾಂತ ಆತ್ರಿ ಅನ್ನುವುದು, ಅವರು ಹಾಂ ಅನ್ನುವುದು. ಆ ಹಾಂ ಕೇಳಿದ ಮೇಲೇ ನಾನು ಗೇರು ಹಾಕುತ್ತಿದ್ದೆ. ಮನೆಯಲ್ಲಿ ಬೇರೆ ಮಾತಿಗೂ ಅದು ಹಬ್ಬಿತು. ಹಾಲು ಉಕ್ಕಿ ನಿಂತರೆ, ಅವರ ಕಾಲುನೋವು ಇಳಿದರೆ, ಪಕ್ಕದ ಮನೆಯ ಜಗಳ ಮುಗಿದರೆ, ಎಲ್ಲಕ್ಕೂ ಶಾಂತ ಆತು. ಅವ್ವ ಹೆದರಿ ಹೆದರಿ ಆಡುತ್ತಿದ್ದ ಮಾತು ನಮ್ಮ ಮನೆಯಲ್ಲಿ ಒಳ್ಳೆಯ ಸುದ್ದಿಯ ಮಾತಾಯಿತು. ಎಲ್ಲ ಸರಿ ಇದೆ, ಮುಂದೆ ಹೋಗಬಹುದು ಎಂದು ಅದರ ಅರ್ಥ.

ಡೈನಮೋ ಮತ್ತೆ ಒಮ್ಮೆಯೂ ಕೈಕೊಡಲಿಲ್ಲ. ಕೈಕೊಟ್ಟದ್ದು ಅವರ ಮೈ. ಮುಂದಿನ ಚಳಿಗಾಲಕ್ಕೆ ಅವರು ಅರ್ಧಕ್ಕೆ ಇಳಿದಿದ್ದರು. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಹಿಂದಿನ ಸೀಟಿನ ಹಾಂ ಎಂಬುದು ಸಣ್ಣದಾಗುತ್ತಾ ಬಂತು. ಕೆಲವು ಸಲ ಅದು ಕೇಳಿಸದೆ ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ, ತುಟಿ ಅಲ್ಲಾಡಿದ್ದು ಕಂಡರೆ ಸಾಕು ಎಂದು ಗಾಡಿ ಬಿಡುತ್ತಿದ್ದೆ. ನನಗೆ ದೇವರ ಮೇಲೆ, ಡಾಕ್ಟರ ಮೇಲೆ, ರಸ್ತೆಯ ತೆಗ್ಗುಗಳ ಮೇಲೆ, ಎಲ್ಲದರ ಮೇಲೂ ಸಿಟ್ಟಿತ್ತು. ಯಾರಾದರೂ ಹೇಗಿದ್ದಾರೆ ಎಂದು ಕೇಳಿದರೆ ಹರಿದು ತಿನ್ನುವಂತೆ ಉತ್ತರ ಕೊಡುತ್ತಿದ್ದೆ.

ಕಡೆಯ ಸಲ ಹೋದದ್ದು ಜೋಳ ಕೊಯ್ಯುವ ದಿನಗಳಲ್ಲಿ. ದಾರಿಯುದ್ದಕ್ಕೂ ಹೊಲದಲ್ಲಿ ಜನ ಇದ್ದರು. ಮೈದುನನೂ ನರಗುಂದದಿಂದ ಬಂದು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತಿದ್ದ. ಯಂತ್ರಕ್ಕೆ ಹಚ್ಚಿದ ಸ್ವಲ್ಪ ಹೊತ್ತಿಗೇ ಅವರಿಗೆ ಚಡಪಡಿಕೆ ಶುರುವಾಯಿತು. ಉಸಿರು ಎಳೆಯುವುದು, ಕೈ ಎತ್ತುವುದು, ಯಾರನ್ನೋ ಹುಡುಕಿದ ಹಾಗೆ ತಲೆ ಹೊರಳಿಸುವುದು. ನಾನು ಕೈ ಹಿಡಿದುಕೊಂಡೆ. ಡಾಕ್ಟರು ಬಂದವರು ನಮ್ಮನ್ನು ಹೊರಗೆ ನಿಲ್ಲಲು ಹೇಳಿದರು. ಮೈದುನ ಚೀಟಿ ಹಿಡಿದು ಔಷಧಿ ಅಂಗಡಿಗೆ ಓಡಿದ. ನಾನು ಪಡಸಾಲೆಯ ಬೆಂಚಿನ ಮೇಲೆ ಕೂತೆ. ಒಳಗಿನಿಂದ ಅವರು ನರಳುವುದು ಕೇಳುತ್ತಿತ್ತು. ಅದೊಂದು ನಿಂತರೆ ಸಾಕು, ಆ ಸಂಕಟ ಒಂದು ಇಳಿದರೆ ಸಾಕು ಎಂದು ಸೆರಗನ್ನು ಬಾಯಿಗೆ ಒತ್ತಿ ಕೂತಿದ್ದೆ.

ಬಾಗಿಲು ತೆರೆದು ಮೆಣಸಗಿಯ ಆಯಾ ಹೊರಗೆ ಬಂದಳು. ನನ್ನ ಮುಂದೆ ಬಂದು ನಿಂತು, ಮೆಲ್ಲಗೆ, “ಶಾಂತ ಆದ್ರವಾ,” ಅಂದಳು.

ನನ್ನ ಎದೆ ಹಗುರಾಯಿತು. ಅದನ್ನು ನಾನು ಇವತ್ತಿಗೂ ಮರೆಯಲಾರೆ. ಮೈಯೆಲ್ಲ ಸಡಿಲಾಗಿ, ಬೆಂಚಿಗೆ ಒರಗಿ, ಎಷ್ಟೋ ದಿನಗಳಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟೆ. “ಚಲೋ ಆತು ಬಿಡ್ರಿ,” ಅಂದೆ.

ಆಯಾ ಕೆಳಗೆ ಕೂತು ನನ್ನ ಎರಡೂ ಮೊಣಕಾಲನ್ನು ಹಿಡಿದುಕೊಂಡಳು. ಅವಳ ಮುಖ ನೋಡಿದ ಮೇಲೆ ನನಗೆ ಆ ಮಾತಿಗೆ ಅವ್ವ ಇಟ್ಟಿದ್ದ ಅರ್ಥ ನೆನಪಾಯಿತು.

ಅವರನ್ನು ಊರಿಗೆ ಒಯ್ಯಲು ದವಾಖಾನೆಯವರು ಗಾಡಿ ಕೊಟ್ಟರು. ಮೈದುನ ಅದರಲ್ಲಿ ಹತ್ತಿದ. “ಕಾರು ಇಲ್ಲೇ ಇರಲಿ ವೈನಿ, ನಾಳೆ ನಾ ಬಂದು ಒಯ್ಯತೀನಿ. ನೀವೂ ಇದ್ರಾಗ ಬರ್ರಿ,” ಅಂದ. ಆಯಾನೂ ಹಾಗೇ ಅಂದಳು. ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ಆ ಕಾರಿನಲ್ಲಿ ಆದರೆ ಬರುತ್ತೇನೆ ಅಂದವರು ಅವರು. ಬೇರೆ ಗಾಡಿಯಲ್ಲಿ ಅವರನ್ನು ಮಲಗಿಸಿದ್ದೇ ನನಗೆ ಸಹಿಸಲಾಗುತ್ತಿರಲಿಲ್ಲ. ಆಗಲಿ, ಹಿಂದೆಯೇ ಬರುತ್ತೇನೆ ಎಂದು ಹೇಳಿ ಕಾರಿನಲ್ಲಿ ಕೂತೆ. ಹಿಂದಿನ ಸೀಟಿನಲ್ಲಿ ಅವರ ಹೊದಿಕೆ ಬಿದ್ದಿತ್ತು.

ಕೀ ತಿರುವಿದೆ. ಕೆಂಪು ದೀಪ ಹತ್ತಿತು. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು, ದೀಪ ಹೋಯಿತು. ಅವರು ಕಾಯುವವರಾಗಿ ಹಿಂದೆ ಇದ್ದಾರೆಂಬಂತೆ ನಾನು ಬಾಯಿ ತೆರೆದೆ. ಕಾಯಲು ಇನ್ನು ಯಾರೂ ಇರಲಿಲ್ಲ, ಬಾಯಿ ಕಟ್ಟಿ ಕಾಪಾಡಬೇಕಾದದ್ದೂ ಏನೂ ಉಳಿದಿರಲಿಲ್ಲ.

“ಆರಿತ್ರಿ,” ಅಂದೆ. ಹಾಂ ಎಂಬುದಕ್ಕಾಗಿ ಸ್ವಲ್ಪ ಹೊತ್ತು ಕಾದು, ಆಮೇಲೆ ಗೇರು ಹಾಕಿದೆ.